ಹೂಂರಾಯರು ದಯೆ ಕಲಿಸಲು ಹೋದದ್ದು

ಹೂಂರಾಯರಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಅದು ಸಂಬಳದ ಚೀಟಿಯನ್ನು ಬಿಟ್ಟು ಇನ್ನೆಲ್ಲೂ ಚಲಾವಣೆಯಲ್ಲಿರಲಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ದೂರು ಹೇಳಿಕೊಳ್ಳುವ ಕೌಂಟರಿನ ಹಿಂದೆ ಕೂತು, ಬಂದವರು ಏನೇ ಅನ್ನಲಿ, ತಲೆಯಾಡಿಸುತ್ತ “ಹೂಂ... ಹೂಂ...” ಎನ್ನುತ್ತಿದ್ದುದರಿಂದ ಜನರೇ ಕೂಡಿ ಮಾಡಿದ ನಾಮಕರಣ ಅದು. ನಲ್ಲಿಯಲ್ಲಿ ನೀರು ಬಂದಿಲ್ಲ ಎಂದರೂ ಹೂಂ. ಬಂದ ನೀರು ಕೆಸರು ಎಂದರೂ ಹೂಂ. “ನಿಮ್ಮ ಆಫೀಸಿಗಿಷ್ಟು ಬೆಂಕಿ ಬೀಳ!” ಎಂದರೂ ಹೂಂ, ಮೇಲೊಂದು ಮುಗುಳ್ನಗೆ. ಬೈಯಲೆಂದು ಬಂದವರು ತಾನೇ ಎಷ್ಟು ಹೊತ್ತು ಬೈದಾರು? ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಲಾದೀತೆ? ಬೈದು ಬೈದು ಸುಸ್ತಾಗಿ, ಕೊನೆಗೆ ತಾವೇ ನಾಚಿಕೊಂಡು ಹೋಗುತ್ತಿದ್ದರು.

ಒಮ್ಮೆ ಒಬ್ಬ ಹೆಂಗಸು ಬಂದು, “ಪೈಪು ಒಡೆದುಹೋಗಿದೆ ಸ್ವಾಮಿ” ಎಂದಳು.

“ಪಾಪ!” ಎಂದರು ರಾಯರು, ಮುಖ ಸಣ್ಣಗೆ ಮಾಡಿಕೊಂಡು. “ಹೊಡೆದದ್ದು ಯಾರಮ್ಮಾ?”

ಆಕೆ ಅಲ್ಲೇ ಕರಗಿಹೋದಳು. ಯಾವ ಕಚೇರಿಯಲ್ಲೂ ಯಾರೂ ಆಕೆಯನ್ನು ಅಷ್ಟು ಮಮತೆಯಿಂದ ವಿಚಾರಿಸಿದ್ದಿಲ್ಲ. ಕೌಂಟರಿಗೆ ತಲೆ ಆನಿಸಿ ಅತ್ತೆಮನೆಯ ಕಥೆಯನ್ನೆಲ್ಲ ಹೇಳಿಕೊಂಡಳು. ರಾಯರು ಹೂಂಗುಟ್ಟಿದರು. ಆಕೆ ಕಣ್ಣೊರೆಸಿಕೊಂಡು, ಹಗುರಾಗಿ ಮನೆಗೆ ಹೋದಳು. ಪೈಪು ಒಡೆದೇ ಇತ್ತು. ಆದರೆ ರಾಯರ ಕೀರ್ತಿ ಮಾತ್ರ ಅಂದಿನಿಂದ ಧಾರಾಕಾರವಾಗಿ ಹರಿಯತೊಡಗಿತು.

ನಿಜ ಸಂಗತಿ ಏನೆಂದರೆ, ಕೆಲವು ವರ್ಷಗಳಿಂದ ರಾಯರಿಗೆ ಕಿವಿ ಕೈಕೊಟ್ಟಿತ್ತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ತಮಗೆ ತಾವೇ ಹೇಳಿಕೊಂಡಿದ್ದರೋ ಎಂಬುದೂ ಅನುಮಾನ. ಈಚೆಗೆ ಲೋಕದ ಜನ ಬಾಯಿ ಬಿಟ್ಟು ಮಾತಾಡುವುದನ್ನೇ ನಿಲ್ಲಿಸಿಬಿಟ್ಟಿದ್ದಾರೆ, ಎಲ್ಲರೂ ಗುಸುಗುಸು ಪಿಸುಪಿಸು ಎನ್ನುತ್ತಾರೆ ಎಂಬುದು ಅವರ ದೃಢವಾದ ಅಭಿಪ್ರಾಯವಾಗಿತ್ತು. ಉಳಿದವರೂ ಅವರ ‘ಹೂಂ’ಗೆ ತಮ್ಮ ತಮ್ಮ ಯೋಗ್ಯತೆಗೆ ತಕ್ಕಂತೆ ಅರ್ಥ ಕಟ್ಟಿಕೊಂಡಿದ್ದರು. ಕಚೇರಿಯ ಸಾಹೇಬರು ಅದನ್ನು ಸಹನೆ ಎಂದರು. ಬೀದಿಯವರು ದೊಡ್ಡತನ ಎಂದರು. ಭಾವಮೈದ ಪೆದ್ದುತನ ಎಂದ. ಹೆಂಡತಿ ಮಾತ್ರ ಏನೂ ಅನ್ನಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಗಂಡನಿಗೆ ತನ್ನ ಮಾತೆಂದರೆ ಅಸಡ್ಡೆ ಎಂದು ಒಳಗೊಳಗೇ ತೀರ್ಮಾನಿಸಿ, ಪಾತ್ರೆಗಳನ್ನು ಜೋರಾಗಿ ಇಡುವುದನ್ನು ಅಭ್ಯಾಸ ಮಾಡಿಕೊಂಡರು. ರಾಯರಿಗೆ ಅದೂ ಕೇಳಿಸುತ್ತಿರಲಿಲ್ಲ.

ಮನೆಯಲ್ಲಿ ಇನ್ನೊಂದು ಜೀವವಿತ್ತು. ಮಗಳ ಮಗಳು, ಐದು ವರ್ಷದವಳು, ಎಲ್ಲರ ಬಾಯಲ್ಲೂ ಗುಬ್ಬಿ. ಗುಬ್ಬಿ ಪ್ರತಿ ಸಂಜೆ ಅಜ್ಜನಿಗೆ ಶಾಲೆಯ ಕಥೆ ಹೇಳುತ್ತಿದ್ದಳು. ಅಜ್ಜ ಹೂಂಗುಟ್ಟುತ್ತಿದ್ದರು. ಒಂದು ದಿನ ಆಕೆ, “ಆಮೇಲೆ ನಮ್ಮ ಟೀಚರ್ನ ಮೊಸಳೆ ನುಂಗ್ಬಿಡ್ತು” ಎಂದಳು. ಅಜ್ಜ, “ಹೂಂ, ಒಳ್ಳೇದು, ಹಾಗೇ ಇರ್ಬೇಕು” ಎಂದರು. ಗುಬ್ಬಿ ಅಜ್ಜನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅಂದಿನಿಂದ ಅಜ್ಜನ ತೊಡೆ ಮೇಲೆ ಕೂರುವುದನ್ನು ಬಿಟ್ಟು, ಎದುರಿಗೆ ನಿಂತು, ಅವರ ಎರಡೂ ಕೆನ್ನೆ ಹಿಡಿದುಕೊಂಡು ಕಥೆ ಹೇಳತೊಡಗಿದಳು. ದೊಡ್ಡವರು ಇದನ್ನು ಮುದ್ದು ಎಂದುಕೊಂಡರು.

ಈಗ ಗುಬ್ಬಿಯ ಟೀಚರ್ ವಿಷಯಕ್ಕೆ ಬರೋಣ. ನೋಡಲು ಕುಳ್ಳಗೆ, ಮಕ್ಕಳ ನಡುವೆ ನಿಂತರೆ ಹುಡುಕಬೇಕು. ಧ್ವನಿ ಎತ್ತಿದ್ದನ್ನು ಕಂಡವರಿಲ್ಲ. ಅವರಿಗೆ ಚಿತ್ರ ಬರೆಯಲು ಮಾತ್ರ ಬರುತ್ತಿರಲಿಲ್ಲ, ಮಿಕ್ಕಿದ್ದೆಲ್ಲ ಬರುತ್ತಿತ್ತು. ಆ ವರ್ಷ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ದಯೆಯನ್ನೂ ಕಲಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಪಕ್ಕದ ತರಗತಿಯಲ್ಲಿ ಮಕ್ಕಳು “ದಯೆ ಎಂದರೆ ಪರರ ಕಷ್ಟಕ್ಕೆ ಮರುಗುವುದು” ಎಂದು ಒಟ್ಟಾಗಿ ಕೂಗಿ ಒಪ್ಪಿಸುತ್ತಿದ್ದರು. ಒಪ್ಪಿಸಿ ಮುಗಿದ ಮೇಲೆ ಪಕ್ಕದವನ ರಬ್ಬರು ಕಿತ್ತುಕೊಂಡು ಓಡುತ್ತಿದ್ದರು.

ಈ ಟೀಚರ್ ಹಾಗೆ ಮಾಡಲಿಲ್ಲ. ಪ್ರತಿ ಶನಿವಾರ ಒಬ್ಬರನ್ನು ತರಗತಿಗೆ ಕರೆಸುತ್ತಿದ್ದರು. ಮೊದಲು ಕೈ ಮುರಿದುಕೊಂಡ ಅಂಚೆಯವನು ಬಂದ. ಮಕ್ಕಳು ಹೋ ಎಂದು ಮುತ್ತಿ ಅವನ ಮುರಿದ ಕೈಯನ್ನೇ ಹಿಡಿದು ಎಳೆದಾಡಿದಾಗ ಅವನು ‘ಅಯ್ಯಯ್ಯೋ’ ಎಂದ. “ಈಗ ನಾವು ಏನು ಮರೆತ್ವಿ?” ಎಂದು ಟೀಚರ್ ಕೇಳಿದರು. ಮಕ್ಕಳು ಯೋಚಿಸಿ, ತಾವೇ ಮೂರು ಮಾತು ಹುಡುಕಿದರು. ಮೊದಲು ನೋಡು. ಆಮೇಲೆ ಕೇಳು. ಆಮೇಲೆ ಕಾಯಿ. “ಯಾವ ಕಾಯಿ?” ಎಂದ ಒಬ್ಬ ಪೋರ. “ಕಾಯೋ ಕಾಯಿ ಕಣೋ! ಅವ್ರು ಉತ್ತರ ಹೇಳೋವರ್ಗೂ ಸುಮ್ನಿರೋದು” ಎಂದಳು ಗುಬ್ಬಿ. ಮುಂದಿನ ಸಲ ಆ ಅಂಚೆಯವನೇ ತಾನಾಗಿ ಬಂದ. ಮಕ್ಕಳು ಅವನನ್ನು ನೋಡಿದರು, ಏನು ಬೇಕೆಂದು ಕೇಳಿದರು, ಕಾದರು. ಅವನು ಸಂಕೋಚದಿಂದ, “ಅಂಗಿ ತೋಳಿನ ಗುಂಡಿ ಹಾಕ್ಕೊಳಕ್ಕೆ ಆಗ್ತಿಲ್ಲ” ಎಂದ. ಆರು ಕೈಗಳು ಸೇರಿ ಗುಂಡಿ ಹಾಕಿದವು.

“ಮುಂದಿನ ವಾರ ಯಾರನ್ನ ಕರೆಯೋಣ?” ಎಂದು ಟೀಚರ್ ಕೇಳಿದಾಗ ಗುಬ್ಬಿ ಎದ್ದು ಹೋಗಿ ಅವರ ಕಿವಿಯಲ್ಲಿ ಉಸುರಿದಳು. “ನಮ್ಮಜ್ಜ. ಅವರಿಗೆ ಕಿವಿ ಕೇಳ್ಸಲ್ಲ. ನಂಗೊಬ್ಬಳಿಗೇ ಗೊತ್ತು.”

“ನಿನ್ನ ಫ್ರೆಂಡ್ಸಿಗೆ ಹೇಳ್ಬಹುದಾ?”

ಗುಬ್ಬಿ ಯೋಚಿಸಿದಳು. “ಮಕ್ಕಳಿಗೆ ಹೇಳ್ಬಹುದು. ದೊಡ್ಡೋರಿಗೆ ಬೇಡ.”

ಹಾಗೆ, ಶನಿವಾರ ಬರುವ ಅಜ್ಜನ ಕಿವಿಗೆ ಸ್ವಲ್ಪ ದಣಿವಾಗಿದೆ ಎಂಬ ಸಂಗತಿ ತರಗತಿಯ ತುಂಬ ಹಬ್ಬಿ, ಅಲ್ಲೇ ನಿಂತಿತು. ಒಂದು ಕೋಣೆ ಮಕ್ಕಳು ಒಂದು ವಾರ ಪೂರ್ತಿ ಒಂದು ಗುಟ್ಟನ್ನು ಕಾಪಾಡಿದರು. ನೀರು ಸರಬರಾಜು ಕಚೇರಿಯಲ್ಲಿ ಯಾವ ಗುಟ್ಟೂ ಮಧ್ಯಾಹ್ನದ ಊಟದ ತನಕ ಬಾಳಿದ ಇತಿಹಾಸವಿಲ್ಲ.

ಟೀಚರ್ ಮನೆಗೆ ಫೋನ್ ಮಾಡಿದಾಗ ಎತ್ತಿಕೊಂಡವರು ರಾಯರೇ.

“ಸಾರ್, ಶನಿವಾರ ಬೆಳಿಗ್ಗೆ ನಮ್ಮ ಕ್ಲಾಸಿಗೆ ಬರ್ತೀರಾ? ಮಕ್ಕಳು ದಯೆ ಕಲಿಯೋಕೆ” ಎಂದರು ಟೀಚರ್.

‘ಕಲಿಯೋಕೆ’ ಎಂಬುದು ರಾಯರ ಕಿವಿಯೊಳಗೆ ಹೋಗುವಷ್ಟರಲ್ಲಿ ‘ಕಲಿಸೋಕೆ’ ಆಗಿತ್ತು. ಒಂದಕ್ಷರದ ವ್ಯತ್ಯಾಸ. ಎಷ್ಟೋ ದೊಡ್ಡ ದೊಡ್ಡ ಮನುಷ್ಯರು ಇಡೀ ಬದುಕು ಈ ಒಂದಕ್ಷರದ ತಪ್ಪಿನ ಮೇಲೇ ನಡೆಸಿದ್ದಾರೆ. ರಾಯರನ್ನೊಬ್ಬರನ್ನೇ ಅಂದು ಪ್ರಯೋಜನವಿಲ್ಲ.

“ನೀವೇನೂ ಮಾತಾಡ್ಬೇಕಾಗಿಲ್ಲ ಸಾರ್, ಒಂದು ಗಂಟೆ ಇದ್ರೆ ಸಾಕು.”

ರಾಯರಿಗೆ ಸಿಕ್ಕಿದ್ದು ‘ಮಾತಾಡ್ಬೇಕು’ ಮತ್ತು ‘ಒಂದು ಗಂಟೆ ಸಾಕು’. “ಹೂಂ! ಹೂಂ! ಖಂಡಿತ!” ಎಂದು ಫೋನಿಟ್ಟು, ಎದೆ ಸೆಟೆಸಿ ಅಡುಗೆಮನೆಗೆ ಹೋದರು.

“ಲೇ, ಕೇಳಿದ್ಯಾ? ಶಾಲೆಯಲ್ಲಿ ಮಕ್ಕಳಿಗೆ ದಯೆ ಕಲಿಸೋಕೆ ನನ್ನ ಕರೆದಿದ್ದಾರೆ. ಒಂದು ಗಂಟೆ ಭಾಷಣ!”

ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. “ದಯೆ ಕಲಿಸೋಕೆ? ನೀವಾ? ನಿನ್ನೆ ನಾನು ಎರಡು ಕೈಯಲ್ಲೂ ಚೀಲ ಹಿಡ್ಕೊಂಡು ಬಾಗಿಲಾಚೆ ನಿಂತು ಕರೆದಿದ್ದೇ ಕರೆದಿದ್ದು. ಒಳಗೆ ಕೂತು ಪೇಪರ್ ಓದ್ತಿದ್ರಿ.”

“ಹೂಂ, ನಿಂಗೂ ಸಂತೋಷ ಆಗತ್ತೆ ಅಂತ ಗೊತ್ತಿತ್ತು” ಎಂದರು ರಾಯರು.

ಸುದ್ದಿಗೆ ಕಾಲು ಬಂದು ಓಡಿತು. ಭಾವಮೈದ ಅಂದೇ ಬಂದಿಳಿದ. ಅವನು ವಿಮಾ ಏಜೆಂಟ್. ಮದುವೆ, ಬೀಳ್ಕೊಡುಗೆ, ಅಂಗಡಿ ಉದ್ಘಾಟನೆ, ಯಾವುದಕ್ಕೆ ಬೇಕಾದರೂ ಭಾಷಣ ಬರೆದುಕೊಡುವ ಚಪಲ ಅವನಿಗಿತ್ತು. “ಭಾವಾ, ಮಕ್ಕಳು ಅಂತ ಹಗುರ ಮಾಡ್ಬಾರ್ದು. ಎತ್ತರದಲ್ಲಿ ಶುರು ಮಾಡ್ಬೇಕು” ಎಂದು ಬರೆಯತೊಡಗಿದ. ಅದರ ಮೊದಲ ವಾಕ್ಯ ಹೀಗಿತ್ತು: “ಓ ಭಾವೀ ಪ್ರಜೆಗಳೇ, ಮಾನವಹೃದಯವೆಂಬ ಮಹಾಸಾಗರದ ಗರ್ಭದಲ್ಲಿ ಅಡಗಿರುವ ಅನರ್ಘ್ಯ ರತ್ನಗಳಲ್ಲಿ ಅಗ್ರಗಣ್ಯವಾದದ್ದು ಯಾವುದು?” ಈ ಪ್ರಶ್ನೆಗೆ ಭಾಷಣವು ಉತ್ತರ ಕೊಡುತ್ತಿದ್ದುದು ಎಂಟನೆಯ ಪುಟದಲ್ಲಿ.

ಪಕ್ಕದ ಮನೆಯ ಟೈಲರ್ ಹೊಸ ಕೋಟು ಹೊಲಿಯಲು ಮುಂದೆ ಬಂದ. ಅಳತೆ ತೆಗೆದುಕೊಳ್ಳುತ್ತ ಬೆನ್ನ ಹಿಂದಿನಿಂದ, “ಗುಂಡಿ ಎರಡು ಸಾಕಾ, ಮೂರು ಇಡ್ಲಾ ರಾಯರೇ?” ಎಂದು ಕೇಳಿದ. ರಾಯರು “ಹೂಂ” ಎಂದರು. ಟೈಲರ್ ಸ್ವಲ್ಪ ಯೋಚಿಸಿ, ದೊಡ್ಡವರ ಮಾತಿನಲ್ಲಿ ಏನೋ ಅರ್ಥವಿರಬೇಕೆಂದು ಐದು ಗುಂಡಿ ಇಟ್ಟ.

ಕಚೇರಿಯ ಸಾಹೇಬರಿಗೆ ಸುದ್ದಿ ತಲುಪಿದಾಗ ಅವರು ಕುರ್ಚಿಯಿಂದ ಎದ್ದು ನಿಂತರು. ಆ ತಿಂಗಳು ಊರಿನ ಪತ್ರಿಕೆ ಅವರ ನಲ್ಲಿಗಳ ಬಗ್ಗೆ ಬಾಯಿಗೆ ಬಂದಂತೆ ಬರೆದಿತ್ತು. “ನಮ್ಮ ಸಿಬ್ಬಂದಿ ಮಕ್ಕಳಿಗೆ ದಯೆ ಕಲಿಸ್ತಾರೆ! ಇದಕ್ಕಿಂತ ಇನ್ನೇನ್ರೀ ಬೇಕು? ನಾನೂ ಬರ್ತೀನಿ. ಫೋಟೋದವನೂ ಬರ್ತಾನೆ” ಎಂದರು. ರಾಯರು ಹೂಂ ಎಂದರು.

ಶನಿವಾರ ಬೆಳಿಗ್ಗೆ ಟೀಚರ್ ಒಬ್ಬ ಅಜ್ಜನನ್ನು ನಿರೀಕ್ಷಿಸಿ ಬಾಗಿಲು ತೆರೆದರೆ, ಹೊರಗೆ ಒಂದು ನಿಯೋಗವೇ ನಿಂತಿತ್ತು. ಐದು ಗುಂಡಿಯ ಕೋಟಿನಲ್ಲಿ ರಾಯರು, ಅವರ ಹೆಂಡತಿ, ಭಾವಮೈದ, ಸಾಹೇಬರು, ಕೊರಳಿಗೆ ಕ್ಯಾಮೆರಾ ತೂಗಿಸಿಕೊಂಡ ಫೋಟೋದವನು, ಅವನ ಹಿಂದೆ ತನ್ನ ಕೋಟು ಹೇಗೆ ಕಾಣುತ್ತದೆಂದು ನೋಡಲು ಬಂದ ಟೈಲರ್. ಟೀಚರ್ ಒಂದು ಕ್ಷಣ ಎಲ್ಲರ ಮುಖ ನೋಡಿದರು. ರಾಯರ ಕೈಯಲ್ಲಿದ್ದ ಕಾಗದದ ಕಟ್ಟನ್ನೂ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಬೇರೆ ಯಾರಾದರೂ ಆಗಿದ್ದರೆ “ಅಯ್ಯೋ, ತಪ್ಪು ತಿಳ್ಕೊಂಡಿದ್ದೀರಿ” ಎಂದುಬಿಡುತ್ತಿದ್ದರು. ಇವರು ನಕ್ಕು, “ಬನ್ನಿ, ಎಲ್ರೂ ಬನ್ನಿ” ಎಂದರು, ಅಷ್ಟೆ.

ಕೋಣೆಯೊಳಗೆ ಎಲ್ಲವೂ ಮೊಣಕಾಲೆತ್ತರ. ಮೊಣಕಾಲೆತ್ತರದ ಕುರ್ಚಿ, ಮೊಣಕಾಲೆತ್ತರದ ಕೊಕ್ಕೆಗಳಲ್ಲಿ ತೂಗುವ ಚೀಲಗಳು, ಸಾಲಾಗಿ ನಿಂತ ನೀರಿನ ಬಾಟಲಿಗಳು, ಅಂಟು ಮತ್ತು ಬಣ್ಣದ ಬಳಪಗಳ ವಾಸನೆ. ಚಾಪೆಯ ಮೇಲೆ ಕೂತ ಮಕ್ಕಳು ಬಂದವರನ್ನು ಕಣ್ಣರಳಿಸಿ ನೋಡಿದರು. ಸಾಹೇಬರು ಪುಟ್ಟ ಕುರ್ಚಿಯೊಂದರ ಮೇಲೆ ಕೂತು ನೋಡಿದರು. ಮೊಣಕಾಲು ಬಂದು ಗದ್ದಕ್ಕೆ ತಾಗಿತು. “ನನ್ನಂಥೋರು ಕೂರೋ ಕುರ್ಚಿ ಇಲ್ವೇನಮ್ಮಾ?” ಎಂದರು. ಟೀಚರ್ ಮುಖ್ಯೋಪಾಧ್ಯಾಯರ ಕೋಣೆಯಿಂದ ಕುರ್ಚಿ ತರಲು ಹೋದರು. “ಅಜ್ಜನ್ನ ನೋಡ್ಕೊಳ್ತಿರಿ” ಎಂದು ಮಕ್ಕಳಿಗೆ ಹೇಳಿ ಹೋದರು.

ಆ ಕುರ್ಚಿಯೇ ಎಲ್ಲಕ್ಕೂ ಕಾರಣ ಎಂದು ಆಮೇಲೆ ಭಾವಮೈದ ವಾದಿಸುತ್ತಿದ್ದ. ಇರಲಿ.

ಟೀಚರ್ ಅತ್ತ ಹೋದದ್ದೇ ರಾಯರು ಗಂಟಲು ಸರಿಮಾಡಿಕೊಂಡು, “ಓ ಭಾವೀ ಪ್ರಜೆಗಳೇ!” ಎಂದು ಗುಡುಗಿದರು. ಮಕ್ಕಳು ಅಕ್ಕಪಕ್ಕ ನೋಡಿಕೊಂಡರು. ಅಂಥ ಹೆಸರಿನವರು ಆ ತರಗತಿಯಲ್ಲಿ ಯಾರೂ ಇರಲಿಲ್ಲ. ಆದರೂ ಅಜ್ಜ ಮುಗಿಸುವವರೆಗೆ ಕಾಯಬೇಕೆಂದು ಅವರಿಗೆ ಗೊತ್ತಿತ್ತು. ಕೈ ಕಟ್ಟಿಕೊಂಡು ಕಾದರು. ಮಹಾಸಾಗರ ಬಂತು, ಹೋಯಿತು. ಎರಡನೆಯ ಪುಟದಲ್ಲಿ ಕರುಣೆಯ ಕಾಮಧೇನು ಬಂತು. ಫೋಟೋದವನು ಕ್ಲಿಕ್ಕಿಸಿದ. ಸಾಹೇಬರು ನಿಂತುಕೊಂಡೇ ತಲೆದೂಗಿದರು. ಕಾಯುವ ಪಾಠ ಎಂದಾದರೂ ಪರೀಕ್ಷೆಗೆ ಬಿದ್ದದ್ದಿದ್ದರೆ ಅದು ಅಂದು.

ಮೂರನೆಯ ಪುಟದ ನಡುವೆ, ‘ಯಾವ ಕಾಯಿ’ ಎಂದು ಕೇಳಿದ್ದ ಪೋರ ಎದ್ದು ನಿಂತು ಕಿರುಬೆರಳು ತೋರಿಸಿದ. ಲೋಕದ ಸಕಲ ಶಾಲೆಗಳಲ್ಲೂ ಅದಕ್ಕೆ ಒಂದೇ ಅರ್ಥ. ರಾಯರು ಮಾತು ನಿಲ್ಲಿಸಿ, ಅವನ ಬೆರಳನ್ನು ನೋಡಿ, ಮುಖ ಅರಳಿಸಿದರು.

“ಶಹಬಾಸ್! ಈ ಮಗು ಏನು ಹೇಳ್ತಿದೆ ನೋಡಿ! ದಯೆ ಅನ್ನೋದು ಕಿರುಬೆರಳಿನಷ್ಟಿದ್ರೂ ಸಾಕು!”

ಸಾಹೇಬರು ಚಪ್ಪಾಳೆ ತಟ್ಟಿದರು. ಭಾವಮೈದ ಇದು ತಾನು ಬರೆದ ವಾಕ್ಯವಲ್ಲವಲ್ಲ ಎಂದು ಕಸಿವಿಸಿಗೊಂಡ.

“ಅಜ್ಜ, ಹೋಗ್ಲಾ?” ಎಂದ ಪೋರ, ಕಾಲು ಹೆಣೆದುಕೊಂಡು.

“ಹೇಳ್ಲಾ ಅಂತಿದೀಯಾ? ಆಮೇಲೆ ಹೇಳುವೆಯಂತೆ ಮರಿ, ಕೂತ್ಕೋ.”

ಪೋರ ಕೂತ. ಶಿಸ್ತಿನ ಮಗು. ನಾಲ್ಕನೆಯ ಪುಟದಲ್ಲಿ ರಾಯರು, “ದಯೆಯೆಂಬ ನದಿ ತಾನಾಗಿ ಉಕ್ಕಿ ಹರಿಯಬೇಕು!” ಎಂದು ಕೈ ಮೇಲೆತ್ತಿದರು. ಅದೇ ಗಳಿಗೆಯಲ್ಲಿ ಹರಿಯಿತು.

ಚಾಪೆಯ ಮೇಲೆ ಒದ್ದೆ ಹರಡುತ್ತಿದ್ದಂತೆ ಭಾವಮೈದ “ಛೆ ಛೆ ಛೆ!” ಎಂದು ಹಿಂದೆ ಹಾರಿದ. ಸಾಹೇಬರು, “ಫೋಟೋ ಬೇಡ! ಫೋಟೋ ತೆಗೀಬೇಡ್ರೀ!” ಎಂದು ಕೂಗಿದರು. ನೀರು ಸೋರುವ ಚಿತ್ರ ಅವರ ಕಚೇರಿಯ ಹೆಸರಿನ ಜತೆ ಇನ್ನೊಮ್ಮೆ ಅಚ್ಚಾಗುವುದು ಅವರಿಗೆ ಬೇಕಿರಲಿಲ್ಲ. ಟೈಲರ್ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಒಟ್ಟಿನಲ್ಲಿ ಆ ಕೋಣೆಯಲ್ಲಿದ್ದ ದೊಡ್ಡವರೆಲ್ಲ ದಯೆಯ ಬಗ್ಗೆ ತಮಗೆ ಗೊತ್ತಿದ್ದುದನ್ನು ಒಂದು ನಿಮಿಷದಲ್ಲಿ ತೋರಿಸಿಕೊಟ್ಟರು.

ಮಕ್ಕಳು ಯಾರೂ ನಗಲಿಲ್ಲ. ಒಬ್ಬಳು ಪೋರನ ಮುಖ ನೋಡಿ, “ನಿನ್ನ ಬ್ಯಾಗಲ್ಲಿ ಇನ್ನೊಂದು ಚಡ್ಡಿ ಇದ್ಯಾ?” ಎಂದು ಕೇಳಿದಳು. ಅವನು ಉತ್ತರಿಸುವವರೆಗೆ ಕಾದಳು. ಅವನು ಇಲ್ಲವೆಂದು ತಲೆಯಾಡಿಸಿದ. “ನಂದು ಕೊಡ್ತೀನಿ, ನೀಲಿದು” ಎಂದ ಇನ್ನೊಬ್ಬ. ಇಬ್ಬರು ಹೋಗಿ ಮೂಲೆಯಿಂದ ಒರೆಸುವ ಬಟ್ಟೆ ತಂದರು. ನಾಲ್ವರು ಚಾಪೆಯನ್ನು ಮಡಿಚಿದರು. ಮಡಿಚಿದ್ದು ಸೊಟ್ಟಗಿತ್ತು, ಆದರೆ ಕೆಲಸ ಮುಗಿದಿತ್ತು. ಪೋರ ಬೀರುವಿನ ಹಿಂದೆ ಹೋಗಿ ನೀಲಿ ಚಡ್ಡಿ ಹಾಕಿಕೊಂಡ. ದೊಡ್ಡ ಕುರ್ಚಿಯನ್ನು ಎದೆಗೊತ್ತಿಕೊಂಡು ಬಾಗಿಲಿಗೆ ಬಂದ ಟೀಚರ್ ಅಲ್ಲೇ ನಿಂತು ಇದನ್ನೆಲ್ಲ ನೋಡಿದರು. ಮಕ್ಕಳು ತಾವಾಗಿ ಮಾಡುತ್ತಿರುವಾಗ ನಡುವೆ ಬಾಯಿ ಹಾಕದಿರುವುದು ಎಷ್ಟು ಕಷ್ಟದ ವಿದ್ಯೆ ಎಂಬುದು ಕಲಿಸಿದವರಿಗೇ ಗೊತ್ತು.

ರಾಯರು ಕಾಗದದ ಕಟ್ಟನ್ನು ಹಿಡಿದುಕೊಂಡು ಕಲ್ಲಾಗಿ ನಿಂತಿದ್ದರು. ಏನಾಯಿತೆಂದು ಕಂಡಿತ್ತು, ಯಾಕಾಯಿತೆಂದೂ ಹೊಳೆದಿತ್ತು. ಪೋರ ನೀಲಿ ಚಡ್ಡಿಯಲ್ಲಿ ಹೊರಬಂದು ನೇರವಾಗಿ ಅವರ ಬಳಿಗೆ ಹೋದ.

“ಅಜ್ಜ, ಬೇಜಾರ್ ಮಾಡ್ಕೋಬೇಡಿ. ನಾನು ಕೇಳ್ದೆ. ನಿಮ್ಗೆ ಕಿವಿ ಕೇಳ್ಸಲ್ವಲ್ಲಾ, ಅದಕ್ಕೇ ಹಿಂಗಾಯ್ತು. ನಿಮ್ಮ ತಪ್ಪಲ್ಲ.”

ಸಾಹೇಬರು ಭಾವಮೈದನನ್ನು ನೋಡಿದರು. ಭಾವಮೈದ ಅಕ್ಕನನ್ನು ನೋಡಿದ. ಟೈಲರ್ ಕೋಟಿನ ಐದು ಗುಂಡಿಗಳನ್ನು ಒಂದೊಂದಾಗಿ ನೋಡಿ, ನಿಧಾನವಾಗಿ ಹಣೆ ಚಚ್ಚಿಕೊಂಡ.

“ಹೂಂ” ಎಂದರು ರಾಯರು, ಮುಗುಳ್ನಗುತ್ತ. ಪೋರ ಅವರ ಹೊಟ್ಟೆಯ ಮಟ್ಟದಲ್ಲಿ ಮಾತಾಡಿದ್ದ. ಅವರಿಗೆ ಒಂದಕ್ಷರವೂ ತಲುಪಿರಲಿಲ್ಲ.

“ಕೇಳ್ಸಲ್ವಾ?” ಎಂದರು ಬಾಗಿಲ ಬಳಿ ಕೂತಿದ್ದ ಹೆಂಡತಿ. ಅವರು ಎದ್ದೇ ಬಿಟ್ಟಿದ್ದರು. “ರೀ! ಹಾಗಾದ್ರೆ ಇಷ್ಟು ದಿನ... ಬೇಕಂತ ಅಲ್ವಾ? ನನ್ನ ಮಾತು ಬೇಡ ಅಂತ ಅಲ್ವಾ?” ಅವರ ಕಣ್ಣಲ್ಲಿ ನೀರು ತುಂಬಿತು, ಬಾಯಲ್ಲಿ ನಗು ಬಂತು, ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯದೆ ಎರಡನ್ನೂ ಒಟ್ಟಿಗೆ ಬಿಟ್ಟರು.

ರಾಯರು ಹೆಂಡತಿಯ ಮುಖ ನೋಡಿ ಗಾಬರಿಯಾದರು. ಆಗ ಗುಬ್ಬಿ ಬಂದು ಅವರ ಕೋಟು ಜಗ್ಗಿದಳು. ಅವರು ಪುಟ್ಟ ಕುರ್ಚಿಯ ಮೇಲೆ ಕೂತರು. ಗುಬ್ಬಿ ಎರಡೂ ಕೆನ್ನೆ ಹಿಡಿದುಕೊಂಡು, ಒಂದೊಂದೇ ಮಾತನ್ನು ಬಿಡಿಬಿಡಿಯಾಗಿ ಹೇಳಿದಳು. “ಅಜ್ಜ. ನಿಂಗೆ ಕಿವಿ ಕೇಳ್ಸಲ್ಲ ಅಂತ. ಎಲ್ರಿಗೂ ಗೊತ್ತಾಯ್ತು. ನಾನು ಹೇಳ್ಲಿಲ್ಲ. ಅವನು ಹೇಳ್ಬಿಟ್ಟ.”

ಎಲ್ಲರೂ ಆ ಪ್ರಸಿದ್ಧ ‘ಹೂಂ’ಗಾಗಿ ಕಾದರು. ಅದು ಬರಲಿಲ್ಲ. ರಾಯರು ಮೊಮ್ಮಗಳ ತುಟಿಯನ್ನೇ ನೋಡುತ್ತ ಸಣ್ಣ ಧ್ವನಿಯಲ್ಲಿ, “ಪೂರ್ತಿ ಕೇಳಿಸ್ಲಿಲ್ಲ ಪುಟ್ಟಾ. ಇನ್ನೊಂದ್ಸಲ ಹೇಳು” ಎಂದರು. ಎಷ್ಟೋ ವರ್ಷಗಳಲ್ಲಿ ಅವರು ಯಾರನ್ನಾದರೂ ಹಾಗೆ ಕೇಳಿದ್ದು ಅದೇ ಮೊದಲು. ಗುಬ್ಬಿ ಇನ್ನೊಮ್ಮೆ ಹೇಳಿದಳು, ಬೇಸರವಿಲ್ಲದೆ.

ಸಾಹೇಬರು ಆ ವೇಳೆಗೆ ಚೇತರಿಸಿಕೊಂಡಿದ್ದರು. “ಅಂದ್ರೆ ನನ್ನ ಕೌಂಟರಲ್ಲಿ ದೂರು ತಗೊಳ್ಳೋ ಮನುಷ್ಯನಿಗೆ ದೂರು ಕೇಳ್ಸಲ್ಲ! ಮುಗೀತು. ಸೋಮವಾರದಿಂದ ಇವರು ಅಲ್ಲಿ ಕೂರೋದು ಬೇಡ. ಹಿಂದಿನ ಉಗ್ರಾಣಕ್ಕೆ ಹಾಕ್ತೀನಿ. ಹಳೇ ನಲ್ಲಿ ಎಣಿಸ್ಕೊಂಡಿರ್ಲಿ. ಅವರ ಒಳ್ಳೇದಕ್ಕೇ ಹೇಳ್ತಿರೋದು” ಎಂದರು.

ಆ ಕೌಂಟರೇ ರಾಯರ ಲೋಕ. ಹೆಂಡತಿಯ ನಗು ಆರಿಹೋಯಿತು. ಅಷ್ಟರಲ್ಲಿ ಚಾಪೆ ಮಡಿಚಿದ್ದವರಲ್ಲಿ ಒಬ್ಬಳು ಸಾಹೇಬರ ಪ್ಯಾಂಟಿನ ಮಡಿಕೆ ಹಿಡಿದು ಕೇಳಿದಳು. “ಅಂಕಲ್, ಅಜ್ಜನ್ನ ಕೇಳಿದ್ರಾ?”

“ಏನು ಕೇಳೋದು?”

“ಏನು ಬೇಕು ಅಂತ. ಮೊದಲು ನೋಡ್ಬೇಕು, ಆಮೇಲೆ ಕೇಳ್ಬೇಕು. ನೀವು ಎರಡೂ ಮಾಡ್ಲಿಲ್ಲ.”

ಸಾಹೇಬರು ಟೀಚರ್ ಕಡೆ ತಿರುಗಿದರು. ಟೀಚರ್ ತಾವು ತಂದಿದ್ದ ದೊಡ್ಡ ಕುರ್ಚಿಯನ್ನು ಗೋಡೆಯ ಬದಿಗಿಟ್ಟು, ರಾಯರ ಎದುರಿಗೆ ಒಂದು ಪುಟ್ಟ ಕುರ್ಚಿ ಹಾಕಿದರು. “ಇಲ್ಲಿ ಕೂತ್ರೆ ಅವರಿಗೆ ನಿಮ್ಮ ಮುಖ ಕಾಣತ್ತೆ ಸಾರ್” ಎಂದರು ಮೃದುವಾಗಿ. ಫೋಟೋದವನ ಕ್ಯಾಮೆರಾ ಮೇಲೆದ್ದಿತ್ತು. ಒಂದು ಕೋಣೆ ಮಕ್ಕಳು ಉಸಿರು ಹಿಡಿದಿದ್ದರು. ಸಾಹೇಬರು ಕೂತರು. ಮೊಣಕಾಲು ಗದ್ದಕ್ಕೆ ತಾಗಿತು.

“ರಾಯರೇ,” ಎಂದರು ಅವರು, ತುಟಿ ಬಿಡಿಸಿ, “ನಿಮ್ಗೆ... ಏನು... ಬೇಕು?”

“ಈಗ ಕಾಯಿ” ಎಂದು ಪೋರ ಪಿಸುಗುಟ್ಟಿದ.

ಸಾಹೇಬರು ಜೀವಮಾನದಲ್ಲಿ ಯಾರಿಗಾಗಿಯೂ ಕಾದವರಲ್ಲ; ಅವರಿಗಾಗಿಯೇ ಊರು ಕಾಯುತ್ತಿತ್ತು. ಒಮ್ಮೆ ಗಡಿಯಾರ ನೋಡಲು ಹೋದರು, ಒಬ್ಬಳು ಬೇಡವೆಂದು ತಲೆಯಾಡಿಸಿದಳು. ಕೈ ಇಳಿಸಿದರು. ರಾಯರು ಭಾಷಣದ ಕಟ್ಟನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿ, ಕೊನೆಗೆ ಹೇಳಿದರು.

“ಉಗ್ರಾಣ ಬೇಡ ಸಾರ್. ಜನ ಬರೋ ಕಡೆನೇ ಕೂರ್ತೀನಿ. ನಂಗೆ... ನಂಗೆ ಕೇಳ್ಸಲ್ಲ ಅಂತ ಹೇಳೋಕೆ ನಾಚ್ಕೆ ಆಗ್ತಿತ್ತು. ಎಷ್ಟು ಜನ ಏನೇನು ಹೇಳ್ಕೊಂಡ್ರೋ, ನಾನು ಬರೀ ಹೂಂ ಅಂದೆ. ಕಿವಿ ತೋರಿಸ್ಕೊಂಡು ಬರ್ತೀನಿ. ಒಂದು ಅವಕಾಶ ಕೊಡಿ.”

ಸಾಹೇಬರು ಕೆಮ್ಮಿದರು. ಕನ್ನಡಕ ತೆಗೆದು ಒರೆಸಿದರು. “ಕೊಟ್ಟೆ” ಎಂದರು. ಎದ್ದು ನಿಲ್ಲಲು ಮಾತ್ರ ಆಗಲಿಲ್ಲ. ಪುಟ್ಟ ಕುರ್ಚಿ ಅವರೊಂದಿಗೇ ಮೇಲೆದ್ದಿತು. ಆರು ಮಕ್ಕಳು ಅವರನ್ನು ಕೇಳಿ, ಕಾದು, ಒಪ್ಪಿಗೆ ಪಡೆದು, ಹಿಂದಿನಿಂದ ಎಳೆದು ಬಿಡಿಸಿದರು.

ಇಷ್ಟಾದ ಮೇಲೆ ಬೀದಿಯವರಿಗೂ ದಯೆ ಉಕ್ಕಿತು. ರಾಯರು ಹೊರಗೆ ಬಂದರೆ ಸಾಕು, ಎದುರು ಮನೆಯವರು ಮಹಡಿಯಿಂದ “ನಮಸ್ಕಾರಾ...!” ಎಂದು ಅರಚುತ್ತಿದ್ದರು. ಟೈಲರ್ ಅವರ ಕೈ ಹಿಡಿದು ರಸ್ತೆ ದಾಟಿಸಲು ಹಟ ಹಿಡಿದ. ರಾಯರಿಗೆ ಆ ಕಡೆ ಹೋಗುವ ಕೆಲಸವೇ ಇರಲಿಲ್ಲ. ಭಾವಮೈದ ಎಣ್ಣೆ ಹುಯ್ಯುವ ಲಾಳಿಕೆಯೊಂದನ್ನು ತಂದು, ಸಣ್ಣ ತುದಿಯನ್ನು ಭಾವನ ಕಿವಿಗಿಟ್ಟು ಇನ್ನೊಂದು ತುದಿಯಿಂದ ಹೊಸ ವಿಮಾ ಯೋಜನೆಯನ್ನು ವಿವರಿಸಿದ. ಗುಬ್ಬಿ ಕೊನೆಗೆ ಬಾಗಿಲಲ್ಲಿ ನಿಂತು, “ಕೂಗ್ಬೇಡಿ! ಮುಖ ನೋಡಿ ಮಾತಾಡಿ!” ಎಂದು ಕೂಗಬೇಕಾಯಿತು.

ಡಾಕ್ಟರು ಕಿವಿಯ ಹಿಂದೆ ಅವರೆಕಾಳಿಗಿಂತ ತುಸು ದೊಡ್ಡದಾದ ಯಂತ್ರವೊಂದನ್ನು ಸಿಕ್ಕಿಸಿದರು. ಮನೆಗೆ ಬಂದು ರಾಯರು ಅಡುಗೆಮನೆಯಲ್ಲಿ ಕೂತರು. ಹೆಂಡತಿ ಮಾತಾಡಿದರು, ಅವರು ಕೇಳಿದರು. ಇಬ್ಬರಿಗೂ ಹಿಂದಿನ ಬಾಕಿ ಬಹಳವಿತ್ತು. ಕೌಂಟರಿನಲ್ಲಿ ಈಗ ಬೈಗುಳಗಳೆಲ್ಲ ಸ್ವಚ್ಛವಾಗಿ ಕೇಳಿಸತೊಡಗಿ ಮೊದಲ ವಾರ ಅವರು ಬೆಚ್ಚಿಬಿದ್ದರು. ಆದರೆ ಪೈಪುಗಳೂ ರಿಪೇರಿಯಾಗತೊಡಗಿದವು.

ಶನಿವಾರಗಳಂದು ಕಚೇರಿಗೆ ರಜೆ ಇದ್ದಾಗ ರಾಯರು ಆ ತರಗತಿಗೆ ಹೋಗಿ ಪುಟ್ಟ ಕುರ್ಚಿಯ ಮೇಲೆ ಕೂರುವುದು ರೂಢಿಯಾಯಿತು. ಭಾಷಣವಿಲ್ಲ. ಮಕ್ಕಳು ಬಂದು ಏನಾದರೂ ಹೇಳುತ್ತಿದ್ದರು, ಅವರು ಕೇಳುತ್ತಿದ್ದರು. “ನನ್ನ ಕ್ಲಾಸಲ್ಲಿ ಇಷ್ಟು ಬಾಯಿ ಇವೆ ಸಾರ್, ಕಿವಿ ನಂದೆರಡೇ ಇದ್ವು. ಈಗ ನಾಲ್ಕಾಯ್ತು” ಎಂದರು ಟೀಚರ್. ರಾಯರು ಆ ಮಾತನ್ನು ಮನೆಗೆ ಹೋಗುವವರೆಗೂ ಚಾಕಲೇಟಿನ ಹಾಗೆ ಬಾಯಲ್ಲಿಟ್ಟುಕೊಂಡು ಹೋದರು.

ವರ್ಷದ ಮಧ್ಯದಲ್ಲಿ ಒಬ್ಬಳು ಹೊಸ ಹುಡುಗಿ ತರಗತಿಗೆ ಸೇರಿದಳು. ಎರಡು ಜಡೆ, ದೊಡ್ಡ ಕಣ್ಣು. ಸೇರಿದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಮಕ್ಕಳು ನೋಡಿದರು, ಕೇಳಿದರು, ವಾರಗಟ್ಟಲೆ ಕಾದರು. ತಮ್ಮ ಪೆನ್ಸಿಲ್ಲು ಕೊಟ್ಟರು, ಪಕ್ಕದಲ್ಲಿ ಜಾಗ ಬಿಟ್ಟರು. ಆಕೆ ತಲೆಯಾಡಿಸುತ್ತಿದ್ದಳೇ ಹೊರತು ತುಟಿ ಬಿಚ್ಚಲಿಲ್ಲ. ಟೀಚರ್ ಒತ್ತಾಯಿಸಲಿಲ್ಲ. ಆದರೆ ಆಕೆಯ ಕಡೆ ನೋಡಿದಾಗಲೆಲ್ಲ ಅವರ ಮುಖದಲ್ಲಿ ಚಿಂತೆಯ ಗೆರೆಯೊಂದು ಮೂಡುತ್ತಿತ್ತು.

ಒಂದು ಶನಿವಾರ ಟೀಚರ್ ಕಾಡಿನ ಪಾಠಕ್ಕೆಂದು ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬಹಳ ಕಷ್ಟಪಟ್ಟು ಒಂದು ಆನೆ ಬರೆದಿದ್ದರು. ಮಕ್ಕಳೆಲ್ಲ ಹೊರಗೆ ಆಡುತ್ತಿದ್ದರು. ಆ ಹುಡುಗಿ ಮಾತ್ರ ಒಳಗೇ ಉಳಿದಳು. ಸ್ವಲ್ಪ ಹೊತ್ತು ರಾಯರ ಸುತ್ತ ಸುಳಿದಾಡಿದಳು. ಈ ಅಜ್ಜನಿಗೆ ಕಿವಿ ಕೇಳಿಸುವುದಿಲ್ಲವೆಂದು ಯಾರೋ ಆಕೆಗೆ ಹೇಳಿದ್ದಿರಬೇಕು. ಯಂತ್ರದ ವಿಷಯ ಹೇಳಿರಲಿಕ್ಕಿಲ್ಲ. ಆಕೆ ಹತ್ತಿರ ಬಂದು, ಎದುರಿಗಲ್ಲ, ಪಕ್ಕದಲ್ಲಿ ನಿಂತು, ಅವರ ಕಿವಿಯ ಬಳಿ ಬಗ್ಗಿದಳು.

ಬಾಗಿಲಲ್ಲಿ ಟೀಚರ್ ಕಾಲಿಟ್ಟವರು ಅದನ್ನು ಕಂಡು ಅಲ್ಲೇ ನಿಂತರು. ಹುಡುಗಿಯ ತುಟಿಗಳು ಅಲುಗುತ್ತಿದ್ದವು.

“ಅಜ್ಜ,” ಎಂದಳು ಆಕೆ, ಗಾಳಿಗಿಂತ ತೆಳ್ಳಗೆ, “ಟೀಚರ್ ಬರೆದಿರೋದು ಆನೆ ಥರ ಇಲ್ವೇ ಇಲ್ಲ. ಬಕೆಟ್ ಥರ ಇದೆ. ಆದ್ರೆ ಹೇಳ್ಬಾರ್ದು. ಪಾಪ, ಅವರಿಗೆ ಬೇಜಾರಾಗತ್ತೆ.”

ಹೇಳಿ ಮುಗಿಸಿ, ಎದೆಯ ಮೇಲಿನ ದೊಡ್ಡ ಭಾರ ಇಳಿದವಳಂತೆ ಉಸಿರು ಬಿಟ್ಟು, ಹೊರಗೆ ಆಡುತ್ತಿದ್ದವರ ಕಡೆ ಓಡಿದಳು. ಗುಬ್ಬಿ ಆಕೆಗೆ ಸಾಲಿನಲ್ಲಿ ಜಾಗ ಮಾಡಿಕೊಟ್ಟಳು.

ಟೀಚರ್ ಓಡಿಬಂದರು. ಅವರ ಕಣ್ಣು ತುಂಬಿತ್ತು. “ಮಾತಾಡಿದ್ಳಾ ಸಾರ್? ನಿಜವಾಗ್ಲೂ ಮಾತಾಡಿದ್ಳಾ? ಏನಂದ್ಳು?”

ರಾಯರು ಟೀಚರನ್ನು ನೋಡಿದರು. ಅವರ ಬೆನ್ನ ಹಿಂದೆ ಹ್ಯಾಂಡಲ್ಲಿನಂಥ ಸೊಂಡಿಲನ್ನು ಎತ್ತಿಕೊಂಡು ನಿಂತಿದ್ದ ಆನೆಯನ್ನೂ ನೋಡಿದರು.

“ಏನೋ ಬಹಳ ಒಳ್ಳೇ ಮಾತು ಹೇಳಿದ್ಳು ಟೀಚರ್,” ಎಂದರು ಅವರು, ಕಿವಿಯ ಹಿಂದಿನ ಯಂತ್ರವನ್ನು ಸರಿಮಾಡಿಕೊಳ್ಳುತ್ತ. “ಆದ್ರೆ ನಂಗೆ ಸರಿಯಾಗಿ ಕೇಳಿಸ್ಲಿಲ್ಲ.”